ಕಿತ್ತಳೆ ಕಾಕ್‌ಟೇಲ್ ಕಹಿಯಾಯಿತೇ? ರೋಸ್‌ಮರಿಯನ್ನು ಬೈಯುವ ಮುನ್ನ

ಪ್ರಶ್ನೆ: ಚಳಿಗಾಲದಲ್ಲಿ ಕಿತ್ತಳೆ ರಸ, ಜಿನ್ ಮತ್ತು ರೋಸ್‌ಮರಿ ಹಾಕಿ ಕಾಯಿಸಿದ ಸಕ್ಕರೆ ಪಾಕ ಸೇರಿಸಿ ಕಾಕ್‌ಟೇಲ್ ಮಾಡುತ್ತೇನೆ. ಮಧ್ಯಾಹ್ನ ರುಚಿ ನೋಡಿದಾಗ ಚೆನ್ನಾಗಿಯೇ ಇರುತ್ತದೆ. ರಾತ್ರಿ ಸ್ನೇಹಿತರು ಬರುವ ಹೊತ್ತಿಗೆ ಕಹಿ. ಪಾಕಕ್ಕೆ ಸೊಪ್ಪು ಹೆಚ್ಚಾಯಿತೇ? ರೋಸ್‌ಮರಿ ಬದಲು ನಮ್ಮ ಕಡೆಯ ಸೊಪ್ಪು ಯಾವುದಾದರೂ ಆದೀತೇ?

ಉತ್ತರ: ನಿಮ್ಮ ಪ್ರಶ್ನೆಯ ಎರಡನೆಯ ವಾಕ್ಯದಲ್ಲೇ ಅರ್ಧ ಉತ್ತರವಿದೆ. ಸೋಸಿಟ್ಟ ಪಾಕ ಮಧ್ಯಾಹ್ನ ಹೇಗಿತ್ತೋ ರಾತ್ರಿಯೂ ಹಾಗೆಯೇ ಇರುತ್ತದೆ. ಆ ಆರು ಗಂಟೆಗಳಲ್ಲಿ ಬದಲಾದದ್ದು ಕಿತ್ತಳೆ ರಸ.

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಒಂದು ಡಿಸೆಂಬರ್ 31ರಂದು, ಸಂಜೆ ಗಡಿಬಿಡಿ ಬೇಡವೆಂದು ಬೆಳಿಗ್ಗೆಯೇ ಎರಡು ಲೀಟರ್ ರಸ ತೆಗೆದು ಫ್ರಿಜ್‌ನಲ್ಲಿಟ್ಟಿದ್ದೆ. ರಾತ್ರಿ ಮೊದಲ ಗುಟುಕು ಕುಡಿದ ನಮ್ಮ ಭಾವ, "ಬೇವು ಇಷ್ಟು ಬೇಗ ಬಂತೇ, ಯುಗಾದಿಗೆ ಇನ್ನೂ ಮೂರು ತಿಂಗಳಿದೆಯಲ್ಲ" ಎಂದರು. ಬೆಲ್ಲ ಕೊಡಲೇ ಎಂದು ಕೇಳುವಷ್ಟು ಧೈರ್ಯ ನನಗಿರಲಿಲ್ಲ.

ಆಗುವುದು ಇಷ್ಟು. ಕಿತ್ತಳೆಯ ತೊಳೆಗಳ ಪೊರೆಯಲ್ಲಿ ಒಂದು ವಸ್ತುವಿದೆ. ಇದ್ದ ಹಾಗೆ ಇದ್ದರೆ ಅದಕ್ಕೆ ಕಹಿ ಇಲ್ಲ. ಹಣ್ಣು ಇಡಿಯಾಗಿರುವಾಗ ಅದು ರಸದ ಹುಳಿಯಿಂದ ಬೇರೆಯಾಗಿಯೇ ಇರುತ್ತದೆ. ಹಿಂಡಿದಾಗ ಪೊರೆ ಹರಿದು ರಸಕ್ಕೆ ಬೆರೆಯುತ್ತದೆ, ಹುಳಿಯ ಸಂಗದಲ್ಲಿ ನಿಧಾನವಾಗಿ ಲಿಮೋನಿನ್ ಎಂಬ ಕಹಿ ವಸ್ತುವಾಗಿ ಮಾರ್ಪಡುತ್ತದೆ. ಲೀಟರಿಗೆ ಐದಾರು ಮಿಲಿಗ್ರಾಂ ಲಿಮೋನಿನ್ ಇದ್ದರೂ ನಾಲಿಗೆ ಅದನ್ನು ಪತ್ತೆ ಹಚ್ಚುತ್ತದೆ. ತಂಪಿನಲ್ಲಿಟ್ಟರೆ ಈ ಕೆಲಸ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಕಾಯಿಸಿದರೆ ಇನ್ನೂ ಬೇಗ. ಆದ್ದರಿಂದ ರಸವನ್ನೇ ಸಕ್ಕರೆಯ ಜೊತೆ ಕುದಿಸಿ ಪಾಕ ಮಾಡುವವರು ಕಹಿಯನ್ನು ಕೈಯಾರೆ ಕರೆದಂತೆ. ಬೀಜದಲ್ಲಂತೂ ಲಿಮೋನಿನ್ ಧಾರಾಳವಾಗಿದೆ. ತೊಳೆಗಳನ್ನು ಬೀಜ ಸಮೇತ ಮಿಕ್ಸಿಗೆ ಹಾಕಿ ಗಿರ್ರೆನಿಸುವ ಅಭ್ಯಾಸ ನಿಮಗಿದ್ದರೆ ಇಂದೇ ಬಿಡಿ. ಅಡ್ಡಲಾಗಿ ಕತ್ತರಿಸಿ, ಹಗುರವಾಗಿ ಕೈಯಲ್ಲೇ ಹಿಂಡಿ.

ಯಾವ ಕಿತ್ತಳೆ ಎಂಬುದೂ ಮುಖ್ಯ. ಜನವರಿಯಲ್ಲಿ ಬೆಂಗಳೂರಿನ ತಳ್ಳುಗಾಡಿಗಳಲ್ಲಿ ಹೊಳೆಹೊಳೆಯುವ, ಕಡುಕೇಸರಿ ಬಣ್ಣದ, ಬೀಜ ತುಂಬಿದ ಹಣ್ಣು ಬಹಳ ಸಲ ಕಿನ್ನೋ ಆಗಿರುತ್ತದೆ. ಇದು ಕ್ಯಾಲಿಫೋರ್ನಿಯಾದಲ್ಲಿ ಎಚ್.ಬಿ. ಫ್ರಾಸ್ಟ್ 1915ರಲ್ಲಿ 'ಕಿಂಗ್' ಮತ್ತು 'ವಿಲೋ ಲೀಫ್' ತಳಿಗಳನ್ನು ಬೆರಕೆ ಮಾಡಿ ಪಡೆದ ಹಣ್ಣು. 1935ರಲ್ಲಿ ಬಿಡುಗಡೆಯಾಗಿ, ಆಮೇಲೆ ಪಂಜಾಬಿನಲ್ಲಿ ಬೇರೂರಿತು. ರಸ ಸಮೃದ್ಧ, ಬಣ್ಣ ಸೊಗಸು, ಆದರೆ ಹಿಂಡಿಟ್ಟರೆ ಕಹಿಯಾಗುವುದರಲ್ಲಿ ಇದು ಕುಖ್ಯಾತ. ನಾಗಪುರದ ಕಿತ್ತಳೆಯ ರಸ ಅಷ್ಟು ಹಟಮಾರಿಯಲ್ಲ, ಆದರೂ ಹಿಂಡಿ ಗಂಟೆಗಟ್ಟಲೆ ಇಡಬೇಡಿ. ಕೊಡಗಿನ ಕಿತ್ತಳೆ ಸಿಕ್ಕರೆ ಬಿಡಬೇಡಿ. ಸಿಪ್ಪೆ ಹಸಿರು ಮಿಶ್ರಿತ ಹಳದಿ, ನೋಡಲು ಸುಮಾರು, ಪರಿಮಳ ಮಾತ್ರ ಬೇರೆಯೇ. ಕಾಫಿ ತೋಟಗಳ ನಡುವೆ ಬೆಳೆಯುವ ಈ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಆದರೆ ರೋಗಗಳಿಂದ ಗಿಡಗಳು ಸೊರಗಿ ಬೆಳೆಯೇ ಕಡಿಮೆಯಾಗಿದೆ. ದೇವನಹಳ್ಳಿ ಚಕ್ಕೋತವನ್ನೂ ಕೆಲವರು ಬಳಸುತ್ತಾರೆ. ಬಿಳಿ ಪೊರೆಯನ್ನು ಒಂದಿಷ್ಟೂ ಉಳಿಸದೆ ಬಿಡಿಸಬೇಕು. ಕೊಲೆಸ್ಟರಾಲ್ ಅಥವಾ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ಅತಿಥಿಗಳಿದ್ದರೆ ಚಕ್ಕೋತ ಬೇಡ. ಅಂಥ ಕೆಲವು ಮಾತ್ರೆಗಳ ಪರಿಣಾಮವನ್ನು ಅದು ಏರುಪೇರು ಮಾಡಬಲ್ಲದು.

ಹಾಗಾದರೆ ಮೊದಲೇ ಏನನ್ನೂ ಮಾಡಿಡುವ ಹಾಗಿಲ್ಲವೇ? ಇದೆ. ರಸ ಬೇಡ, ಸಿಪ್ಪೆಯ ಸಕ್ಕರೆ ಮಾಡಿಡಿ. ಎರಡು ಕಿತ್ತಳೆಗಳನ್ನು ಬೆಚ್ಚನೆಯ ನೀರಿನಲ್ಲಿ ಉಜ್ಜಿ ತೊಳೆಯಿರಿ (ಹೊಳಪಿಗಾಗಿ ಮೇಣ ಬಳಿದಿರುವುದುಂಟು), ತರಕಾರಿ ಹೆರೆಯುವ ಪೀಲರ್‌ನಿಂದ ಬಣ್ಣದ ಹೊರಪದರವನ್ನಷ್ಟೇ ತೆಗೆಯಿರಿ. ಬಿಳಿ ಭಾಗ ಬಂದರೆ ಚಾಕುವಿನಿಂದ ಕೆರೆದುಬಿಡಿ. ಆ ಸಿಪ್ಪೆಯನ್ನು 200 ಗ್ರಾಂ ಸಕ್ಕರೆಯ ಜೊತೆ ಬೆರಳಿನಲ್ಲಿ ಹಿಸುಕಿ ಎರಡು ಗಂಟೆ ಮುಚ್ಚಿಡಿ. ಸಕ್ಕರೆ ಸಿಪ್ಪೆಯ ಎಣ್ಣೆಯನ್ನು ಎಳೆದುಕೊಂಡು ಒದ್ದೆಯಾಗಿ ನಿಲ್ಲುತ್ತದೆ. ಮುಚ್ಚಳ ತೆರೆದಾಗ ಬರುವ ವಾಸನೆಗಾಗಿಯೇ ನಾನು ಇದನ್ನು ಮಾಡುತ್ತೇನೆಂದು ಒಮ್ಮೊಮ್ಮೆ ಅನುಮಾನ. ಕಿತ್ತಳೆಯ ಪರಿಮಳ ಇರುವುದೆಲ್ಲ ಈ ಎಣ್ಣೆಯಲ್ಲಿ. ರಸ ಕೊಡುವುದು ಸಿಹಿ, ಬಣ್ಣ ಮತ್ತು ಸ್ವಲ್ಪ ಹುಳಿಯನ್ನು.

ಈಗ ಅದಕ್ಕೆ 200 ಮಿಲಿ ನೀರು ಸೇರಿಸಿ ಸಣ್ಣ ಉರಿಯಲ್ಲಿ ಸಕ್ಕರೆ ಕರಗಿಸಿ. ಪಾಕ ಎಂದೊಡನೆ ನಮ್ಮ ಕೈ ತಾನಾಗಿ ಎಳೆ ನೋಡಲು ಹೋಗುತ್ತದೆ. ಇಲ್ಲಿ ಎಳೆ ಬರಬಾರದು. ಒಂದೆಳೆ ಪಾಕ ಜಾಮೂನಿಗೋ ಚಿರೋಟಿಗೋ ಸರಿ, ಐಸ್ ತಗುಲಿದರೆ ತಳಕ್ಕೆ ಕೂತು ಗಟ್ಟಿಯಾಗುತ್ತದೆ. ಕಾಳು ಕರಗಿ ದ್ರವ ತಿಳಿಯಾದ ಕೂಡಲೇ ಒಲೆ ಆರಿಸಿ.

ನೀವು ಅನುಮಾನಿಸಿದ ಸೊಪ್ಪಿನ ಸರದಿ ಈಗ. ಅದು ಪೂರ್ತಿ ನಿರಪರಾಧಿಯೇನಲ್ಲ. ರೋಸ್‌ಮರಿಯನ್ನು ಹತ್ತು ನಿಮಿಷ ಕುದಿಸಿದರೆ ಪರಿಮಳ ಆವಿಯಾಗಿ, ಒಗರು ಮತ್ತು ಕರ್ಪೂರದಂಥ ಘಾಟು ಉಳಿಯುತ್ತದೆ. ಕಷಾಯದ ಕ್ರಮ ಇಲ್ಲಿ ಸಲ್ಲದು. ಸಾರು ಇಳಿಸಿದ ಮೇಲೆ ಕೊತ್ತಂಬರಿ ಸೊಪ್ಪು ಹಾಕಿ ತಟ್ಟೆ ಮುಚ್ಚುತ್ತೇವಲ್ಲ, ಅದೇ ಕ್ರಮ: ಒಲೆ ಆರಿದ ಮೇಲೆ ಬೆರಳುದ್ದದ ಎರಡು ಕಡ್ಡಿ ಹಾಕಿ ಮುಚ್ಚಿ. ಹದಿನೈದು ನಿಮಿಷಕ್ಕೆ ರುಚಿ ನೋಡಿ, ಅರ್ಧ ಗಂಟೆ ದಾಟುವ ಮೊದಲು ಸೋಸಿ. ರಾತ್ರಿಯಿಡೀ ಬಿಟ್ಟರೆ ಪರಿಮಳ ಹೆಚ್ಚುತ್ತದೆಂಬುದು ಆಸೆಬುರುಕತನ.

ನಮ್ಮ ಕಡೆಯ ಸೊಪ್ಪುಗಳಲ್ಲಿ ನನ್ನ ಮತ ದೊಡ್ಡಪತ್ರೆಗೆ. ತಂಬುಳಿಗೆ ಹಾಕುವ ಅದೇ ಎಲೆ. ಓಮ ಮತ್ತು ಥೈಮ್ ನಡುವಿನ ಖಾರದ ವಾಸನೆ ಕಿತ್ತಳೆಯ ಸಿಹಿಯನ್ನು ಹಿಡಿತದಲ್ಲಿಡುತ್ತದೆ. ನಾಲ್ಕೇ ಎಲೆ, ಹತ್ತೇ ನಿಮಿಷ. ಹೆಚ್ಚಾದರೆ ಮಗುವಿನ ನೆಗಡಿಗೆ ಮಾಡಿದ ಮದ್ದಿನಂತಾಗುತ್ತದೆ. ಕಾಮಕಸ್ತೂರಿ ಸೌಮ್ಯ, ತುಳಸಿಯಲ್ಲಿ ಲವಂಗದ ಛಾಯೆ. ಮದ್ಯಕ್ಕೆ ತುಳಸಿ ಹಾಕಲು ಮನೆಯ ಹಿರಿಯರು ಒಪ್ಪುವರೇ ಎಂಬುದನ್ನು ನೀವೇ ನೋಡಿಕೊಳ್ಳಿ. ಮಜ್ಜಿಗೆ ಹುಲ್ಲು ಮಾತ್ರ ನಿಯಮಕ್ಕೆ ಅಪವಾದ, ನಾರು ಗಟ್ಟಿಯಾದ್ದರಿಂದ ಜಜ್ಜಿ ಐದು ನಿಮಿಷ ಕುದಿಸಲೇಬೇಕು. ಮರುಗದ ಪರಿಮಳವೂ ಚೆಂದ, ಆದರೆ ಗಾಂಧಿ ಬಜಾರಿನ ಹೂವಿನ ಬುಟ್ಟಿಯಿಂದ ತರಬೇಡಿ. ಹಾರಕ್ಕೆಂದು ಬೆಳೆದದ್ದಕ್ಕೆ ಯಾವ ಔಷಧಿ ಹೊಡೆದಿರುತ್ತಾರೋ ತಿಳಿಯದು. ನರ್ಸರಿಯಿಂದ ಒಂದು ಗಿಡ ತಂದು ಕುಂಡದಲ್ಲಿಡಿ.

ಬೆರೆಸುವುದು ಎರಡು ನಿಮಿಷದ ಕೆಲಸ. ಒಂದು ಲೋಟಕ್ಕೆ ಜಿನ್ 60 ಮಿಲಿ, ಆಗ ತಾನೇ ಹಿಂಡಿದ ಕಿತ್ತಳೆ ರಸ 30, ನಿಂಬೆರಸ 20, ಪಾಕ 20. ನಿಂಬೆ ಬಿಡುವಂತಿಲ್ಲ: ನಿಂಬೆರಸದಲ್ಲಿ ಹುಳಿ ಆಮ್ಲ ನೂರಕ್ಕೆ ಸುಮಾರು 6 ಪಾಲು, ಕಿತ್ತಳೆಯಲ್ಲಿ ಸಾಮಾನ್ಯವಾಗಿ ಒಂದು ಪಾಲಿನ ಆಸುಪಾಸು. ಬರೀ ಕಿತ್ತಳೆಯಾದರೆ ಪಾನಕಕ್ಕೆ ಜಿನ್ ಸುರಿದಂತೆ ಸಪ್ಪೆ. ನಿಂಬೆಯನ್ನು ಒಂದೆರಡು ಗಂಟೆ ಮುಂಚೆ ಹಿಂಡಿಟ್ಟರೂ ನಡೆಯುತ್ತದೆ. ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಉಪ್ಪಿನಕಾಯಿ ಜಾಡಿ ಸಾಕು, ಹಳೆಯ ವಾಸನೆ ಪೂರ್ತಿ ಹೋಗಿದ್ದರೆ. ಐಸ್ ತುಂಬಿ ಹದಿನೈದು ಸೆಕೆಂಡು ಜೋರಾಗಿ ಕುಲುಕಿ, ಟೀ ಸೋಸುವ ಜಾಲರಿಯಲ್ಲಿ ಸೋಸಿ. ಕರಗುವ ಐಸಿನ ನೀರೂ ಅಳತೆಯ ಭಾಗವೇ, ಕುಲುಕುವುದರಲ್ಲಿ ಸೋಮಾರಿತನ ಬೇಡ. ಜೊತೆಗೆ ಹುರಿದ ಕಡಲೆಕಾಯಿ, ಅವರೆಕಾಳಿನ ದಿನಗಳಾದರೆ ಹಿತಕವರೆ ಹುರಿದದ್ದು.

ಇಷ್ಟಾದರೂ ಕಹಿ ಕಂಡರೆ ಕಳ್ಳನನ್ನು ಹೀಗೆ ಹಿಡಿಯಿರಿ: ಒಂದು ಚಮಚ ಪಾಕವನ್ನು ತಣ್ಣೀರಿಗೆ ಬೆರೆಸಿ ಕುಡಿಯಿರಿ, ಆಮೇಲೆ ರಸವನ್ನು ಬೇರೆಯಾಗಿ. ತಪ್ಪು ಯಾರದೆಂದು ನಾಲಿಗೆಯೇ ಹೇಳುತ್ತದೆ. ಲೋಟದಲ್ಲಿ ಈಗಾಗಲೇ ಇರುವ ಸಣ್ಣ ಕಹಿಗೆ ಸಕ್ಕರೆ ಸುರಿಯುತ್ತ ಹೋಗಬೇಡಿ, ಒಂದು ಚಿಟಿಕೆ ಉಪ್ಪು ಹಾಕಿ. ಉಪ್ಪು ಕಹಿಯನ್ನು ಅಡಗಿಸುತ್ತದೆ. ಕುಡಿಯದವರಿಗೂ, 21 ತುಂಬದವರಿಗೂ ಜಿನ್ ಬದಲು ಸೋಡಾ, ಅದಕ್ಕೂ ಅದೇ ಚಿಟಿಕೆ ಉಪ್ಪು. ನಿಂಬೆ ಸೋಡಾ ಕುಡಿದು ಬೆಳೆದ ಊರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಉಳಿದ ಪಾಕವನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ, ಎರಡು ವಾರದೊಳಗೆ ಮುಗಿಸಿ. ಹೆಸರು ಮತ್ತು ದಿನಾಂಕ ಬರೆದು ಅಂಟಿಸಿ. ನಮ್ಮಲ್ಲಿ ಹೆಸರಿಲ್ಲದ ದೊಡ್ಡಪತ್ರೆ ಪಾಕದ ಬಾಟಲಿಯನ್ನು ಅಮ್ಮ ಕೆಮ್ಮಿನ ಔಷಧಿ ಎಂದುಕೊಂಡು ಮೂರು ದಿನ ಎರಡೆರಡು ಚಮಚ ಕುಡಿದರು. ನಾಲ್ಕನೆಯ ದಿನ, "ಈ ಡಾಕ್ಟರು ಪರವಾಗಿಲ್ಲ, ಇನ್ನೊಂದು ಬಾಟಲಿ ಬರೆಸಿಕೊಂಡು ಬಾ" ಎಂದರು.