ದಿ ಹೇಗ್‌ಗೆ ಅರ್ಜಿ ಬರೆಸುವ ಮುನ್ನ

ಕಳೆದ ಮಳೆಗಾಲದಲ್ಲಿ ಪಾಂಡವಪುರದ ಕಡೆಯ ಹಿರಿಯ ರೈತರೊಬ್ಬರು ಮಂಡ್ಯದ ನನ್ನ ಕಚೇರಿಗೆ ಬಂದು, ಪ್ಲಾಸ್ಟಿಕ್ ಕವರಿನೊಳಗಿಂದ ನಾಲ್ಕಾಗಿ ಮಡಿಸಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. ಇಂಗ್ಲಿಷಿನಲ್ಲಿ ಟೈಪು ಮಾಡಿಸಿದ ಅರ್ಜಿ. ವಿಳಾಸದ ಜಾಗದಲ್ಲಿ ‘ಅಂತರರಾಷ್ಟ್ರೀಯ ನ್ಯಾಯಾಲಯ, ದಿ ಹೇಗ್’ ಎಂದಿತ್ತು. ದಿ ಹೇಗ್ ನೆದರ್ಲೆಂಡ್ಸ್‌ನ ಊರು. ಅವರ ಮಗ ಕೊಲ್ಲಿಯ ದೇಶವೊಂದರಲ್ಲಿ ವೆಲ್ಡರ್. ಮಾಲೀಕ ಹದಿನಾಲ್ಕು ತಿಂಗಳ ಸಂಬಳ ಕೊಟ್ಟಿಲ್ಲ, ಪಾಸ್‌ಪೋರ್ಟನ್ನೂ ಕಿತ್ತಿಟ್ಟುಕೊಂಡಿದ್ದಾನೆ. ‘ಸಾರ್ವತ್ರಿಕ ನ್ಯಾಯವ್ಯಾಪ್ತಿಯ ತತ್ವದಂತೆ’ ಆ ಮಾಲೀಕನನ್ನು ಶಿಕ್ಷಿಸಬೇಕು ಎಂದು ಮೂರನೆಯ ಪ್ಯಾರಾ ಕೋರುತ್ತಿತ್ತು. ಅದನ್ನು ಬರೆದುಕೊಟ್ಟವನು ಎಂಟು ಸಾವಿರ ರೂಪಾಯಿ ಪಡೆದಿದ್ದ. ಆಲೆಮನೆಗೆ ಕಬ್ಬು ಹಾಕಿ ಬಂದ ದುಡ್ಡು ಅದು.

ನನಗೆ ಸಿಟ್ಟು ಬಂದದ್ದು ಗೌಡರ ಮೇಲಲ್ಲ. ‘ಸಾರ್ವತ್ರಿಕ ನ್ಯಾಯವ್ಯಾಪ್ತಿ’ ಎಂದರೆ ಎಲ್ಲೋ ನಡೆದ ಘೋರ ಅಪರಾಧವನ್ನು ಅದರೊಂದಿಗೆ ನಂಟಿಲ್ಲದ ದೇಶವೂ ತನ್ನ ನ್ಯಾಯಾಲಯದಲ್ಲಿ ವಿಚಾರಿಸಬಹುದೆಂಬ ತತ್ವ. ಓದಿದವರೇ ಈ ಪದವನ್ನು ಹೀಗೆ ತಪ್ಪಾಗಿ ಬಳಸುತ್ತಾರೆ. ಶನಿವಾರಗಳಂದು ಮೈಸೂರಿನ ಕಾನೂನು ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಅಲ್ಲಿನ ಅಣಕು ನ್ಯಾಯಾಲಯಕ್ಕೆ ಮಕ್ಕಳು ಬರೆದು ತರುವ ವಾದಪತ್ರಗಳಲ್ಲಿ ಪ್ರತಿ ವರ್ಷವೂ ‘ಸಾರ್ವತ್ರಿಕ ನ್ಯಾಯವ್ಯಾಪ್ತಿಯುಳ್ಳ ದಿ ಹೇಗ್‌ನ ನ್ಯಾಯಾಲಯ’ ಎಂಬ ಮಾತು ಇದ್ದೇ ಇರುತ್ತದೆ. ಅಂಥ ನ್ಯಾಯಾಲಯ ಇಲ್ಲ. ದಿ ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ವ್ಯಾಜ್ಯ ಒಯ್ಯಬಲ್ಲದ್ದು ದೇಶಗಳು ಮಾತ್ರ. ಅದೇ ಊರಿನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ವ್ಯಕ್ತಿಗಳನ್ನು ವಿಚಾರಣೆಗೆ ಒಳಪಡಿಸುತ್ತದೆ ನಿಜ. ಆದರೆ ಅಪರಾಧ ಸದಸ್ಯ ದೇಶದ ನೆಲದಲ್ಲಿ ನಡೆದಿರಬೇಕು, ಆರೋಪಿ ಸದಸ್ಯ ದೇಶದ ಪ್ರಜೆಯಾಗಿರಬೇಕು, ಇಲ್ಲವೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಪ್ರಕರಣವನ್ನು ಒಪ್ಪಿಸಿರಬೇಕು. ಸದಸ್ಯನಲ್ಲದ ದೇಶವೇ ಅದರ ಅಧಿಕಾರವನ್ನು ಒಪ್ಪಿಕೊಳ್ಳುವುದೂ ಉಂಟು. ಇಷ್ಟೆಲ್ಲ ಷರತ್ತುಗಳಿರುವುದು ಅದಕ್ಕೆ ಸಾರ್ವತ್ರಿಕ ಅಧಿಕಾರವಿಲ್ಲ ಎಂಬ ಕಾರಣಕ್ಕೇ. ಭಾರತ ಅದರ ಸದಸ್ಯನೂ ಅಲ್ಲ.

ಸಾರ್ವತ್ರಿಕ ನ್ಯಾಯವ್ಯಾಪ್ತಿ ಒಂದು ದೇಶದ ಸ್ವಂತ ನ್ಯಾಯಾಲಯಕ್ಕೆ, ಅಲ್ಲಿನ ಮಾಮೂಲು ನ್ಯಾಯಾಧೀಶರಿಗೆ ಇರುವ ಅಧಿಕಾರ. ಸಾಮಾನ್ಯವಾಗಿ ಯಾವುದೇ ನ್ಯಾಯಾಲಯಕ್ಕೂ ಪ್ರಕರಣಕ್ಕೂ ಒಂದು ನಂಟು ಇರಬೇಕು. ಅಪರಾಧ ನಡೆದ ನೆಲ ತನ್ನದಾಗಿರಬೇಕು, ಆರೋಪಿ ಅಥವಾ ನೊಂದವರು ತನ್ನ ಪ್ರಜೆಯಾಗಿರಬೇಕು, ಇಲ್ಲವೇ ತನ್ನ ದೇಶದ ಭದ್ರತೆಗೆ ಧಕ್ಕೆಯಾಗಿರಬೇಕು. ಮಂಡ್ಯದ ಹುಡುಗ ದುಬೈನಲ್ಲಿ ಕೊಲೆ ಮಾಡಿ ಬಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 208ನೇ ಕಲಮಿನಂತೆ ಕೇಂದ್ರದ ಅನುಮತಿ ಪಡೆದು ಇಲ್ಲೇ ವಿಚಾರಣೆ ನಡೆಸಬಹುದು. ಅದನ್ನೂ ಸಾರ್ವತ್ರಿಕ ನ್ಯಾಯವ್ಯಾಪ್ತಿ ಎನ್ನುವವರಿದ್ದಾರೆ. ಅಲ್ಲ, ಅದು ಪೌರತ್ವದ ನಂಟು. ಈ ನಂಟುಗಳಲ್ಲಿ ಒಂದೂ ಇಲ್ಲದೆ, ಅಪರಾಧದ ಘೋರತೆಯೊಂದನ್ನೇ ಆಧಾರವಾಗಿಟ್ಟುಕೊಂಡು ವಿಚಾರಣೆ ನಡೆಸುವುದಾದರೆ ಮಾತ್ರ ಈ ಹೆಸರು ಸಲ್ಲುತ್ತದೆ.

ತರಗತಿಯಲ್ಲಿ ನಾನು ಜರ್ಮನಿಯ ಕೋಬ್ಲೆಂಝ್ ಪ್ರಕರಣವನ್ನು ಹೇಳುತ್ತೇನೆ. ರೈನ್ ನದಿಯ ದಂಡೆಯ ಊರು. ಆರೋಪಿ ಅನ್ವರ್ ರಸ್ಲಾನ್ ಸಿರಿಯಾದವನು. ಚಿತ್ರಹಿಂಸೆ ನಡೆದದ್ದು ಡಮಾಸ್ಕಸ್‌ನಲ್ಲಿ, ‘251ನೇ ಶಾಖೆ’ ಎಂಬ ಬಂಧನಾಲಯದಲ್ಲಿ. ಸತ್ತವರೂ ನೊಂದವರೂ ಸಿರಿಯಾದವರೇ. ಸಿರಿಯಾದಲ್ಲಿ ಸೆರೆವಾಸ ಅನುಭವಿಸಿದ್ದ ವಕೀಲ ಅನ್ವರ್ ಅಲ್-ಬುನ್ನಿ ಬರ್ಲಿನ್‌ನ ನಿರಾಶ್ರಿತರ ಶಿಬಿರದಲ್ಲಿ ಆತನನ್ನು ಎದುರಿಗೇ ಕಂಡಿದ್ದರು. ಇಬ್ಬರೂ ಆಶ್ರಯ ಬೇಡಿ ಬಂದವರು. 2022ರ ಜನವರಿ 13ರಂದು ನ್ಯಾಯಾಲಯ ರಸ್ಲಾನ್‌ಗೆ ಜೀವಾವಧಿ ಶಿಕ್ಷೆ ವಿಧಿಸಿತು. ನ್ಯಾಯಾಧೀಶರು, ಅಭಿಯೋಜಕರು, ಜೈಲು ಎಲ್ಲವೂ ಜರ್ಮನಿಯವು. 2002ರಲ್ಲಿ ಜರ್ಮನಿಯೇ ಮಾಡಿಕೊಂಡ ಕಾಯ್ದೆಯ ಮೇಲೆ ತೀರ್ಪು ನಿಂತಿತು. ದಿ ಹೇಗ್‌ನ ಮಾತು ಎಲ್ಲೂ ಬರಲಿಲ್ಲ.

ಗೌಡರಿಗೆ ಕೋಬ್ಲೆಂಝ್ ಹೇಳಲಿಲ್ಲ, ವಿಶ್ವೇಶ್ವರಯ್ಯ ನಾಲೆಯನ್ನು ಹೇಳಿದೆ. ಕಟ್ಟು ನೀರಿನ ಸರದಿ ತಪ್ಪಿಸಿ ಪಕ್ಕದವನು ರಾತ್ರಿ ತೂಬು ಎತ್ತಿದರೆ ನೀವು ನೀರುಗಂಟಿಯ ಹತ್ತಿರ ಹೋಗುತ್ತೀರಿ, ಆ ಜಗಳ ನಿಮ್ಮ ಊರಿನದು. ಆದರೆ ನಾಲೆಯ ಏರಿಯೇ ಒಡೆದರೆ ಯಾವ ಊರಿನವನಾದರೂ ಗುದ್ದಲಿ ಹಿಡಿದು ಓಡುತ್ತಾನೆ, ನಿನಗೇನು ಅಧಿಕಾರ ಎಂದು ಯಾರೂ ಕೇಳುವುದಿಲ್ಲ. ನರಮೇಧ, ಚಿತ್ರಹಿಂಸೆ, ಯುದ್ಧಾಪರಾಧಗಳು ಏರಿ ಒಡೆದಂತೆ ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನನ್ನ ಮಗನ ಸಂಬಳದ್ದು ತೂಬಿನ ಜಗಳ, ಅಲ್ಲವೇ ಸ್ವಾಮಿ?” ಎಂದರು. ಹೌದೆಂದೆ. ಆಮೇಲೆ ಅವರೇ ಇನ್ನೊಂದು ಪ್ರಶ್ನೆ ಕೇಳಿದರು. “ಏರಿ ಒಡೆದಿದೆ ಎಂದು ತೀರ್ಮಾನ ಮಾಡುವವರು ಯಾರು? ಮೇಲಿನ ಊರಿನವರು ಒಡೆಯದ ಏರಿಯನ್ನು ಒಡೆದಿದೆ ಎಂದುಕೊಂಡು ನಮ್ಮ ಗದ್ದೆಗೆ ಇಳಿದರೆ?”

ವಿಶ್ವಸಂಸ್ಥೆಯ ಮಹಾಸಭೆಯ ಆರನೆಯ ಸಮಿತಿ, ಎಂದರೆ ಕಾನೂನು ಸಮಿತಿ, 2009ರಿಂದ ವರ್ಷವರ್ಷವೂ ಚರ್ಚಿಸುತ್ತಿರುವುದು ಈ ಪ್ರಶ್ನೆಯನ್ನೇ. ವಿಷಯವನ್ನು ಅಲ್ಲಿಗೆ ತಂದದ್ದು ಆಫ್ರಿಕಾದ ದೇಶಗಳ ಪರವಾಗಿ ತಾಂಜಾನಿಯಾ. ಯುರೋಪಿನ ನ್ಯಾಯಾಧೀಶರು ಆಫ್ರಿಕಾದ ನಾಯಕರನ್ನೇ ಆರಿಸಿಕೊಂಡು ವಾರಂಟ್ ಹೊರಡಿಸುತ್ತಾರೆ ಎಂಬುದು ಅವರ ದೂರು. ಯಾವ ಯಾವ ಅಪರಾಧಗಳು ಈ ಪಟ್ಟಿಗೆ ಸೇರಬೇಕು ಎಂಬಲ್ಲಿಯೂ ಇವತ್ತಿಗೂ ಒಮ್ಮತವಿಲ್ಲ.

ಆ ದೂರಿನಲ್ಲಿ ಹುರುಳಿದೆ. ಬೆಲ್ಜಿಯಂ 1993ರಲ್ಲಿ ಬಹಳ ವಿಶಾಲವಾದ ಕಾಯ್ದೆ ಮಾಡಿತು. 2000ದಲ್ಲಿ ಅಲ್ಲಿನ ನ್ಯಾಯಾಧೀಶರೊಬ್ಬರು ಕಾಂಗೋದ ಆಗಿನ ವಿದೇಶಾಂಗ ಸಚಿವ ಯೆರೋಡಿಯಾ ಅವರ ಮೇಲೆ ವಾರಂಟ್ ಹೊರಡಿಸಿದರು. ಕಾಂಗೋ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಅಧಿಕಾರದಲ್ಲಿರುವ ವಿದೇಶಾಂಗ ಸಚಿವರಿಗೆ ಬೇರೆ ದೇಶದ ನ್ಯಾಯಾಲಯಗಳಿಂದ ರಕ್ಷಣೆ ಇದೆ, ವಾರಂಟ್ ರದ್ದಾಗಬೇಕು ಎಂದು 2002ರ ಫೆಬ್ರವರಿ 14ರಂದು ತೀರ್ಪಾಯಿತು. ಸಾರ್ವತ್ರಿಕ ನ್ಯಾಯವ್ಯಾಪ್ತಿಯೇ ಅಕ್ರಮ ಎಂದು ಈ ತೀರ್ಪು ಹೇಳಿದೆಯೆಂದು ವಿದ್ಯಾರ್ಥಿಗಳು ಬರೆಯುತ್ತಾರೆ. ದಯವಿಟ್ಟು ತೀರ್ಪನ್ನು ಓದಿ. ಆ ಪ್ರಶ್ನೆಯನ್ನು ಬಹುಮತದ ತೀರ್ಪು ಮುಟ್ಟಲೇ ಇಲ್ಲ. ಪ್ರತ್ಯೇಕ ಅಭಿಪ್ರಾಯ ಬರೆದ ನ್ಯಾಯಾಧೀಶರು ಅದರ ಬಗ್ಗೆ ಬರೆದರು, ಅವರಲ್ಲೂ ಒಮ್ಮತವಿರಲಿಲ್ಲ.

ಮರುವರ್ಷ ನಡೆದದ್ದು ಇನ್ನೂ ಕಹಿಯಾದದ್ದು. ಅದೇ ಬೆಲ್ಜಿಯಂ ಕಾಯ್ದೆಯಡಿ ಅಮೆರಿಕದ ನಾಯಕರ ಮೇಲೆ ದೂರುಗಳು ದಾಖಲಾದವು. ಬೆಲ್ಜಿಯಂ ರಾಜಧಾನಿ ಬ್ರಸೆಲ್ಸ್‌ನಲ್ಲಿರುವ ನೇಟೊ ಸೇನಾ ಒಕ್ಕೂಟದ ಕಚೇರಿಯ ಹೊಸ ಕಟ್ಟಡಕ್ಕೆ ಹಣ ಕೊಡುವುದಿಲ್ಲ ಎಂದು ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಂಸ್‌ಫೆಲ್ಡ್ 2003ರ ಜೂನಿನಲ್ಲಿ ಎಚ್ಚರಿಸಿದರು. ಆಗಸ್ಟಿನೊಳಗೆ ಕಾಯ್ದೆ ಮೊಟಕಾಯಿತು. ಚೀನಾದ ಮಾಜಿ ನಾಯಕರ ಮೇಲೆ ವಾರಂಟ್ ಹೊರಟ ಮೇಲೆ 2014ರಲ್ಲಿ ಸ್ಪೇನ್ ಕೂಡ ತನ್ನ ಕಾಯ್ದೆಯನ್ನು ಕತ್ತರಿಸಿತು. 1998ರಲ್ಲಿ ಲಂಡನ್‌ನಲ್ಲಿ ಚಿಲಿಯ ಮಾಜಿ ಸರ್ವಾಧಿಕಾರಿ ಪಿನೋಶೆಯನ್ನು ಬಂಧಿಸುವಂತೆ ಮಾಡಿದ್ದು ಇದೇ ಸ್ಪೇನಿನ ನ್ಯಾಯಾಧೀಶರ ವಾರಂಟ್. ಬಲವಿದ್ದವನ ಗದ್ದೆಯ ಬಳಿ ಬಂದಾಗ ಗುದ್ದಲಿ ಕೆಳಗಿಳಿಯುತ್ತದೆ ಎಂದು ಆಫ್ರಿಕಾದವರು ಹೇಳಿದರೆ ನನ್ನ ಬಳಿ ಉತ್ತರವಿಲ್ಲ.

ಹಾಗೆಂದು ತತ್ವವನ್ನೇ ಕೈಬಿಡಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಚಾಡ್ ದೇಶದ ಸರ್ವಾಧಿಕಾರಿ ಹಿಸೆನ್ ಹಬ್ರೆ ಪದಚ್ಯುತನಾಗಿ ಸೆನೆಗಲ್‌ನಲ್ಲಿ ನೆಮ್ಮದಿಯಾಗಿದ್ದ. ಅವನ ಸೆರೆಮನೆಗಳಲ್ಲಿ ಬದುಕುಳಿದವರು ಬೆನ್ನು ಬಿಡಲಿಲ್ಲ. ವಿಚಾರಣೆ ನಡೆಸಿ, ಇಲ್ಲವೇ ಹಸ್ತಾಂತರಿಸಿ ಎಂದು 2012ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಸೆನೆಗಲ್‌ಗೆ ಹೇಳಿತು. ಆಫ್ರಿಕನ್ ಒಕ್ಕೂಟವೇ ಸೆನೆಗಲ್ ಜೊತೆ ಸೇರಿ ಡಾಕಾರ್‌ನಲ್ಲಿ ವಿಶೇಷ ನ್ಯಾಯಪೀಠ ಕಟ್ಟಿತು. 2016ರ ಮೇ 30ರಂದು ಜೀವಾವಧಿ ಶಿಕ್ಷೆಯಾಯಿತು. ಆ ಮುದುಕರು, ವಿಧವೆಯರು ಇಪ್ಪತ್ತೈದು ವರ್ಷ ಕಾದಿದ್ದರು. ಪಾಠ ಮಾಡುವಾಗ ಈ ಭಾಗಕ್ಕೆ ಬಂದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ನಮ್ಮ ದೇಶ ಈ ಚರ್ಚೆಯಲ್ಲಿ ಎಚ್ಚರದ ನಿಲುವಿನದು. ಎಲ್ಲರೂ ಒಪ್ಪಿರುವುದು ಕಡಲ್ಗಳ್ಳತನ ಮಾತ್ರ, ಉಳಿದವು ಒಪ್ಪಂದಗಳಿಗೆ ಬಿಟ್ಟದ್ದು ಎಂಬುದು ಭಾರತದ ವಾದ. 2024ರ ಮಾರ್ಚಿನಲ್ಲಿ ಮಾಲ್ಟಾ ಧ್ವಜದ ‘ರುಯೆನ್’ ಹಡಗನ್ನು ಅಪಹರಿಸಿದ್ದ 35 ಸೊಮಾಲಿ ಕಡಲ್ಗಳ್ಳರನ್ನು ನಮ್ಮ ನೌಕಾಪಡೆ ಮುಂಬೈಗೆ ಹಿಡಿದು ತಂದದ್ದು ಈ ಅಧಿಕಾರದ ಬಲದಿಂದ. 2022ರ ಕಡಲ್ಗಳ್ಳತನ ವಿರೋಧಿ ಕಾಯ್ದೆ ಅದಕ್ಕೆಂದೇ ಇದೆ. ಯುದ್ಧಾಪರಾಧಗಳ ವಿಷಯದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಇದೆ. ‘ಭಾರತದ ಒಳಗೆ ಅಥವಾ ಹೊರಗೆ’ ಯಾರೇ ಎಸಗಿದ ಘೋರ ಉಲ್ಲಂಘನೆಗೂ ಅದು ಅನ್ವಯಿಸುತ್ತದೆ. ಇದನ್ನು ಓದಿದ ಉತ್ಸಾಹದಲ್ಲಿ ಮಂಡ್ಯದ ಸೆಷನ್ಸ್ ನ್ಯಾಯಾಲಯದಲ್ಲೇ ಖಾಸಗಿ ದೂರು ಹಾಕೋಣ ಎಂದು ಬಂದ ಯುವಕರಿದ್ದಾರೆ. ಅವರ ಕಳಕಳಿ ದೊಡ್ಡದು. ಆದರೆ ಸರ್ಕಾರ ದೂರು ಕೊಟ್ಟರೆ ಮಾತ್ರ ನ್ಯಾಯಾಲಯ ಅದನ್ನು ಕೈಗೆತ್ತಿಕೊಳ್ಳಬಹುದು ಎಂದು ಅದೇ ಕಾಯ್ದೆ ಹೇಳುತ್ತದೆ. ನಾನಿಲ್ಲಿ ಹೇಳಿದ್ದು ಸ್ಥೂಲವಾದ ಮಾತು, ಪ್ರತಿ ದೇಶದ ಕಾಯ್ದೆಯೂ ಬೇರೆ. ನಿಮ್ಮ ಪ್ರಕರಣಕ್ಕೆ ನಿಮ್ಮ ಕಾಗದಪತ್ರ ನೋಡಿದ ವಕೀಲರ ಮಾತನ್ನೇ ಕೇಳಿ.

ಗೌಡರ ಆ ಅರ್ಜಿಯ ಹಿಂಬದಿ ಖಾಲಿಯಿತ್ತು. ಅಲ್ಲಿಯೇ ಕನ್ನಡದಲ್ಲಿ ಬರೆದುಕೊಟ್ಟೆ: ಕೆಲಸದ ಕರಾರುಪತ್ರ, ವೀಸಾ ಪ್ರತಿ, ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ಸಂಬಳ ಜಮೆಯಾಗುತ್ತಿದ್ದ ಬ್ಯಾಂಕಿನ ಲೆಕ್ಕ, ಕಳುಹಿಸಿದ ಏಜೆಂಟನ ರಸೀದಿ. ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ಅವರ ಮಗಳೇ ಮೊಬೈಲಿನಲ್ಲಿ ದೂರು ದಾಖಲಿಸಿದಳು. ರಾಯಭಾರ ಕಚೇರಿಯವರು ಮಾಲೀಕನನ್ನು ಕರೆಸಿದರು. ಪಾಸ್‌ಪೋರ್ಟ್ ಹುಡುಗನ ಕೈಗೆ ಬಂದಿದೆ. ಸಂಬಳದ ದಾವೆ ಅಲ್ಲಿನ ಕಾರ್ಮಿಕ ನ್ಯಾಯಾಲಯದಲ್ಲಿ ನಡೆಯುತ್ತಿದೆ, ಮುಂದಿನ ತಿಂಗಳು ವಾಯಿದೆ ಇದೆ.