ಗೇನ್ ತಿರುಗಣೆಯೂ ಡೆತ್ ತಂಡದ ಏಳು ಆಲ್ಬಮ್‌ಗಳೂ

ಹುಬ್ಬಳ್ಳಿಯ ನನ್ನ ಸ್ಟುಡಿಯೋದಲ್ಲಿ ಮುದ್ರಣವಾಗುವುದು ಹೆಚ್ಚಾಗಿ ವಚನ, ತತ್ವಪದ, ಭಜನೆಗಳೇ ಆದರೂ ಈಚೆಗೆ ಇಲ್ಲಿನ ಮತ್ತು ಧಾರವಾಡದ ಕಾಲೇಜು ಹುಡುಗರ ಮೆಟಲ್ ತಂಡಗಳೂ ಬರತೊಡಗಿವೆ. ಎಲ್ಲರ ಬೇಡಿಕೆಯೂ ಒಂದೇ: ‘ಸರ, ಗಿಟಾರ್ ಇನ್ನೂ ಹೆವಿ ಆಗಬೇಕ್ರಿ.’ ಹೀಗೆನ್ನುತ್ತಲೇ ಅವರ ಕೈ ಆಂಪ್ಲಿಫೈಯರಿನಲ್ಲಿ ಸದ್ದನ್ನು ಒರಟಾಗಿಸುವ ಗೇನ್ ತಿರುಗಣೆಗೆ ಹೋಗಿ, ಅದು ಕೊನೆಯ ಅಂಕಿಯನ್ನು ಮುಟ್ಟಿದ ಮೇಲೆಯೇ ಹಿಂದೆ ಬರುತ್ತದೆ. ಮಾದರಿ ಯಾವುದೆಂದು ಕೇಳಿದರೆ ಫ್ಲಾರಿಡಾದ ಡೆತ್ ತಂಡದ ಹೆಸರು ಹೇಳುತ್ತಾರೆ. ನನ್ನ ತಾಳ್ಮೆ ತಪ್ಪುವುದು ಅಲ್ಲಿಯೇ, ಏಕೆಂದರೆ ಆ ತಂಡದ ಆಲ್ಬಮ್‌ಗಳನ್ನು ಬಿಡುಗಡೆಯಾದ ಕ್ರಮದಲ್ಲಿ ಕೇಳಿದವರು ಗೇನ್ ತಿರುಗಣೆಯನ್ನು ಇಷ್ಟು ನಂಬಲಾರರು.

1987ರ ‘ಸ್ಕ್ರೀಮ್ ಬ್ಲಡಿ ಗೋರ್’ನಲ್ಲಿ ತಂಡದ ನಾಯಕ ಚಕ್ ಶುಲ್ಡಿನರ್ ಹಾಡುವುದರ ಜೊತೆಗೆ ಗಿಟಾರ್, ಬಾಸ್ (ತಗ್ಗು ಸ್ವರಗಳ ಗಿಟಾರ್) ಎರಡನ್ನೂ ತಾನೇ ನುಡಿಸಿದ, ಡ್ರಮ್ಸ್ ಮಾತ್ರ ಕ್ರಿಸ್ ರೈಫರ್ಟ್‌ನದು. ಅದರಲ್ಲಿಯೂ ಮರುವರ್ಷದ ‘ಲೆಪ್ರಸಿ’ಯಲ್ಲಿಯೂ ರಿಫ್‌ಗಳು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು) ಬಹುಪಾಲು ಒಂಟಿ ಸ್ವರಗಳು ಅಥವಾ ಎರಡು ಸ್ವರಗಳನ್ನು ಒಟ್ಟಿಗೆ ನುಡಿಸುವ ಪವರ್ ಕಾರ್ಡ್‌ಗಳು. 1990ರ ‘ಸ್ಪಿರಿಚುಯಲ್ ಹೀಲಿಂಗ್’ನಲ್ಲಿ ಜೇಮ್ಸ್ ಮರ್ಫಿಯ ಗಿಟಾರ್ ಸ್ವಲ್ಪ ಮಾಧುರ್ಯ ತಂದಿತಾದರೂ ನಿಜವಾದ ತಿರುವು 1991ರ ‘ಹ್ಯೂಮನ್’. ಸಿನಿಕ್ ತಂಡದ ಪಾಲ್ ಮಾಸ್ವಿಡಾಲ್ ಮತ್ತು ಶಾನ್ ರೈನರ್ಟ್ ಬಂದ ಮೇಲೆ ಲಯವೂ ಸ್ವರಸಂಗತಿಯೂ ಜಟಿಲವಾದವು.

ಹುಡುಗರು ಮತ್ತೆ ಮತ್ತೆ ಎಡವುವ ವಿಷಯವನ್ನು ಇಲ್ಲಿ ಬಿಡಿಸಿ ಹೇಳಬೇಕು. ಗೇನ್ ಏರಿಸಿದಾಗ ಧ್ವನಿತರಂಗದ ತುದಿಗಳು ಕತ್ತರಿಸಿಹೋಗಿ, ನುಡಿಸಿದ ಎರಡು ಸ್ವರಗಳ ಕಂಪನಾಂಕಗಳ ಮೊತ್ತ ಮತ್ತು ವ್ಯತ್ಯಾಸಗಳೂ ಹೊಸ ಸ್ವರಗಳಾಗಿ ಹುಟ್ಟಿಕೊಳ್ಳುತ್ತವೆ. ಪವರ್ ಕಾರ್ಡ್ ಎಂದರೆ ನಮ್ಮ ಷಡ್ಜ-ಪಂಚಮವೇ. 220 ಮತ್ತು 330 ಹರ್ಟ್ಸ್‌ಗಳ ವ್ಯತ್ಯಾಸ 110, ಅಂದರೆ ಷಡ್ಜದ ಕೆಳಗಿನ ಸಪ್ತಕದ ಷಡ್ಜ, ಆದ್ದರಿಂದ ಅದು ಭಾರವಾಗಿ, ಹಿತವಾಗಿ ಕೇಳುತ್ತದೆ. ಅದೇ ಷಡ್ಜದೊಡನೆ ಕೋಮಲ ಗಾಂಧಾರವನ್ನು, ಅಂದರೆ ಸುಮಾರು 262 ಹರ್ಟ್ಸನ್ನು ಸೇರಿಸಿದರೆ, ಗಿಟಾರಿನ ಯಾವ ಮನೆಗೂ (ಫ್ರೆಟ್) ಸೇರದ 42 ಹರ್ಟ್ಸಿನ ಗೊಣಗಾಟವೊಂದು ಹುಟ್ಟಿ, ಬಾಸ್ ಮತ್ತು ಕಿಕ್ ಡ್ರಮ್ ಇರಬೇಕಾದ ಜಾಗವನ್ನು ಕಲಕುತ್ತದೆ. ಸ್ವರಸಂಗತಿ ಜಟಿಲವಾದಷ್ಟೂ ಗೇನ್ ಇಳಿಯಬೇಕೆಂದು ನಾನು ಹೇಳುವುದು ಇದಕ್ಕಾಗಿ, ಗಿಟಾರ್ ಬೇಸರಪಟ್ಟೀತೆಂದಲ್ಲ.

ಮುಂದಿನ ಆಲ್ಬಮ್‌ಗಳು ಈ ಸ್ಪಷ್ಟತೆಯತ್ತಲೇ ನಡೆದಿವೆ. 1993ರ ‘ಇಂಡಿವಿಜುವಲ್ ಥಾಟ್ ಪ್ಯಾಟರ್ನ್ಸ್’ನಲ್ಲಿ ಸ್ಟೀವ್ ಡಿಜಾರ್ಜಿಯೋನ ಮನೆಗಳಿಲ್ಲದ ಬಾಸ್ ಗಿಟಾರಿಗೆ ಸರಿಸಮನಾಗಿ ಕೇಳುತ್ತದೆ, 1995ರ ‘ಸಿಂಬಾಲಿಕ್’ನಲ್ಲಿ ಜೀನ್ ಹೋಗ್ಲಾನ್‌ನ ಪ್ರತಿ ಸಿಂಬಲ್ ಪೆಟ್ಟನ್ನೂ ಬೇರ್ಪಡಿಸಿ ಕೇಳಬಹುದು. 1998ರ ‘ದ ಸೌಂಡ್ ಆಫ್ ಪರ್ಸಿವಿಯರೆನ್ಸ್’ನ ಹೊತ್ತಿಗೆ ಶುಲ್ಡಿನರ್‌ನ ಕಂಠವೂ ಆಳದ ಗುರುಗುಟ್ಟುವಿಕೆಯನ್ನು ಬಿಟ್ಟು ಮೇಲಿನ ಸ್ಥಾಯಿಗೆ ಏರಿತ್ತು. ಮಿದುಳಿನ ಗೆಡ್ಡೆಯಿಂದ 2001ರ ಡಿಸೆಂಬರಿನಲ್ಲಿ ಆತ ತೀರಿಕೊಂಡಾಗ ವಯಸ್ಸು 34.

ಗೇನ್ ಇಳಿಸುವ ಈ ಮಾತನ್ನು ಎಲ್ಲ ತಂಡಗಳಿಗೂ ಕಟ್ಟಬಾರದು. ಸ್ವೀಡನ್ನಿನ ಎಂಟೂಂಬ್ಡ್ ತಂಡ 1990ರ ‘ಲೆಫ್ಟ್ ಹ್ಯಾಂಡ್ ಪಾತ್’ನಲ್ಲಿ ಬಾಸ್ (Boss) ಎಂಬ ಕಂಪನಿಯ, ಸದ್ದನ್ನು ಒರಟಾಗಿಸುವ ಎಚ್‌ಎಂ-2 ಪೆಡಲ್‌ನ ನಾಲ್ಕೂ ತಿರುಗಣೆಗಳನ್ನು ಕೊನೆಯವರೆಗೆ ತಿರುಗಿಸಿಯೇ ಹೆಸರು ಮಾಡಿತು. ಆದರೆ ಆ ರಿಫ್‌ಗಳು ಆ ಸದ್ದಿಗೆ ಹೊಂದುವಂತೆ ಕಟ್ಟಿದವು. ‘ಹ್ಯೂಮನ್’ ಮಾದರಿಯ ರಿಫ್ ತಂದು ಸ್ಟಾಕ್‌ಹೋಮಿನ ಸದ್ದು ಕೇಳಿದರೆ ನಾನೇನು ಮಾಡಲಿ?

ಹಾಗೆಂದು ‘ಹ್ಯೂಮನ್’ ಕೂಡ ಪರಿಪೂರ್ಣವಲ್ಲ. ಮೂಲ ಮಿಕ್ಸಿಂಗ್‌ನಲ್ಲಿ ಡಿಜಾರ್ಜಿಯೋನ ಬಾಸ್ ಹೂತುಹೋಗಿತ್ತು. 2011ರ ಮರುಮಿಕ್ಸ್‌ನಲ್ಲಿ ಅದು ಮೇಲೆ ಬಂದಿತು. ಎರಡನ್ನೂ ಒಂದರ ಹಿಂದೊಂದು ಕೇಳಿಸಿದ ಮೇಲೆಯೇ ವಿದ್ಯಾನಗರದ ತಂಡವೊಂದು ನನ್ನ ಮಾತಿಗೆ ಒಪ್ಪಿತು. ಗೇನನ್ನು ಅರ್ಧಕ್ಕೆ ಇಳಿಸಿ, ಒಂದೇ ರಿಫನ್ನು ಎರಡು ಬಾರಿ ಬೇರೆ ಬೇರೆಯಾಗಿ ನುಡಿಸಿಸಿ, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಇಟ್ಟೆವು. ಒಂದೇ ಮುದ್ರಣವನ್ನು ನಕಲು ಮಾಡಿ ಇಡುವುದರಿಂದ ಈ ಹರವು ಬರುವುದಿಲ್ಲ. ಎರಡು ಬಾರಿ ನುಡಿಸಿದಾಗಿನ ಸೂಕ್ಷ್ಮ ವ್ಯತ್ಯಾಸವೇ ಅದನ್ನು ತರುತ್ತದೆ. ಮುನಿಸಿಕೊಂಡಿದ್ದ ಗಿಟಾರ್ ಹುಡುಗ ಹೆಡ್‌ಫೋನ್ ಹಾಕಿಕೊಂಡು ಕೇಳಿ, ‘ಸರ, ಈಗ ಹೆವಿ ಆತ್ರಿ’ ಎಂದ. ಮುಖ ಸಪ್ಪಗಾದದ್ದು ಬಾಸ್ ನುಡಿಸುವವನದು. ಅಷ್ಟು ದಿನ ಯಾರಿಗೂ ಕೇಳಿಸದಿದ್ದ ಅವನ ತಪ್ಪುಗಳೆಲ್ಲ ಈಗ ಎದ್ದು ಕೇಳುತ್ತಿದ್ದುದರಿಂದ, ಅವನ ಭಾಗವನ್ನು ಮೊದಲಿನಿಂದ ಮುದ್ರಿಸಿಕೊಳ್ಳಬೇಕಾಯಿತು.