ಡಬ್ಬಿಯ ಕಿವಿಗೆ ಬೀಳದ ಸ್ಯಾಕ್ಸೊಫೋನ್

ಸ್ಮೂತ್ ಜಾಝ್ ಎಂಬ ಹೆಸರು ಗೊತ್ತಿಲ್ಲದವರೂ ಅದನ್ನು ಕೇಳಿಯೇ ಇರುತ್ತಾರೆ. ದೊಡ್ಡ ಹೋಟೆಲಿನ ಲಿಫ್ಟಿನಲ್ಲಿ, ಗ್ರಾಹಕ ಸೇವೆಯವರು ‘ದಯವಿಟ್ಟು ಕಾಯಿರಿ’ ಎಂದು ನಮ್ಮನ್ನು ಮರೆತುಬಿಟ್ಟಾಗ, ಕಿವಿಗೆ ನವಿಲುಗರಿ ಸವರಿದಂತೆ ಬರುತ್ತದಲ್ಲ, ಆ ಸ್ಯಾಕ್ಸೊಫೋನ್. ಧಾಟಿ ಎಲ್ಲೋ ಕೇಳಿದ್ದು. ಹಾಡಿನ ಸಾಲು ಮಾತ್ರ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂರುತ್ತದೆ. ಆ ‘ಎಲ್ಲೋ ಕೇಳಿದ್ದು’ ಎಂಬುದೇ ಈ ಸಂಗೀತದ ಬಂಡವಾಳ.

ಅಮೆರಿಕದಲ್ಲಿ ಇದಕ್ಕೆಂದೇ ಎಫ್‌ಎಂ ಕೇಂದ್ರಗಳಿದ್ದವು. 1987ರ ಫೆಬ್ರುವರಿಯಲ್ಲಿ ಲಾಸ್ ಏಂಜಲಿಸ್‌ನ ಹೆಸರಾಂತ ರಾಕ್ ಕೇಂದ್ರವೊಂದನ್ನು ಎತ್ತಿಹಾಕಿ ಅದೇ 94.7ರಲ್ಲಿ ‘ದಿ ವೇವ್’ ಶುರುವಾಯಿತು. ಅದೇ ವರ್ಷ ಷಿಕಾಗೊದಲ್ಲಿ ಡಬ್ಲ್ಯುಎನ್‌ಯುಎ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೆಕೆಎಸ್‌ಎಫ್ ಕಣ್ಣುಬಿಟ್ಟವು. ಇಪ್ಪತ್ತು ವರ್ಷ ಮೆರೆದದ್ದು ಕುಸಿಯಲು ಎರಡು ವರ್ಷವೂ ಬೇಕಾಗಲಿಲ್ಲ. 2008ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ‘ಸಿಡಿ 101.9’ ಸ್ಯಾಕ್ಸೊಫೋನ್ ಕೆಳಗಿಟ್ಟು ರಾಕ್ ಹಿಡಿಯಿತು. 2009ರ ಮೇ ಒಂದೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಷಿಕಾಗೊ ಎರಡೂ ಕಡೆ ದೀಪ ಆರಿತು.

‘ಸಪ್ಪೆ ಸಂಗೀತ, ಜನರಿಗೆ ಬೇಸರ ಬಂತು, ಸತ್ತಿತು’ ಎಂದು ಜಾಝ್ ರಸಿಕರು ಷರಾ ಬರೆದು ಕೈತೊಳೆದುಕೊಳ್ಳುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಸಪ್ಪೆಯಾಗಿದ್ದರೆ ಸಾಯಬೇಕು ಎಂಬ ನಿಯಮವಿದ್ದಿದ್ದರೆ ಎಷ್ಟು ಟಿವಿ ಧಾರಾವಾಹಿಗಳು ಬದುಕಿರುತ್ತಿದ್ದವು? ಈ ಸಂಗೀತವನ್ನು ಸಾಕಿದ್ದು ಒಂದು ಅಳತೆಗೋಲು. ಮುಗಿಸಿದ್ದು, ಬಹುಮಟ್ಟಿಗೆ, ಇನ್ನೊಂದು ಅಳತೆಗೋಲು.

ಸಾಕಿದ್ದನ್ನು ಮೊದಲು ನೋಡೋಣ. ಈ ಕೇಂದ್ರಗಳ ಹಿಂದೆ ಬ್ರಾಡ್‌ಕಾಸ್ಟ್ ಆರ್ಕಿಟೆಕ್ಚರ್ ಎಂಬ ಸಲಹಾ ಸಂಸ್ಥೆಯಿತ್ತು. ಕೇಳುಗರನ್ನು ಒಂದು ಕೋಣೆಯಲ್ಲಿ ಕೂರಿಸಿ, ಕೈಗೊಂದು ತಿರುಗಣೆ ಕೊಟ್ಟು, ಹಾಡುಗಳ ತುಣುಕುಗಳನ್ನು ಒಂದರ ಹಿಂದೊಂದು ನುಡಿಸುವುದು. ಹಿಡಿಸಿದರೆ ತಿರುಗಣೆಯನ್ನು ಬಲಕ್ಕೆ ತಿರುಗಿಸಬೇಕು, ಇಲ್ಲವಾದರೆ ಎಡಕ್ಕೆ. ಪ್ರತಿ ತುಣುಕಿಗೆ ಸಿಗುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಒಂದು ಹೊಸ ರಚನೆ ಏನು ತಾನೇ ಹೇಳೀತು? ಆಲಾಪನೆಯ ಮೊದಲ ಎಳೆ ಕೇಳಿ ಇಡೀ ಕಛೇರಿಗೆ ಅಂಕ ಕೊಟ್ಟ ಹಾಗೆ. ಆದರೆ ಎಂದೋ ಜನಪ್ರಿಯವಾದ ಹಾಡನ್ನು ಸ್ಯಾಕ್ಸೊಫೋನಿನಲ್ಲಿ ನುಡಿಸಿದ ತುಣುಕು ಬಂದರೆ? ಮೂರನೆಯ ಸ್ವರಕ್ಕೇ ನೆನಪು ಕೆದಕುತ್ತದೆ, ತಿರುಗಣೆ ಬಲಕ್ಕೆ ಹೊರಳುತ್ತದೆ.

ಇದರ ಹಿಂದೆ ಗಟ್ಟಿ ವಿಜ್ಞಾನವಿದೆ. ಮನೋವಿಜ್ಞಾನಿ ರಾಬರ್ಟ್ ಝಯಾನ್ಸ್ 1968ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಗೆ ಅರ್ಥವೇ ಗೊತ್ತಿಲ್ಲದ ಪದಗಳನ್ನೂ ಚೀನೀ ಲಿಪಿಯಂಥ ಚಿಹ್ನೆಗಳನ್ನೂ ತೋರಿಸಿದರು. ಕೆಲವನ್ನು ಒಮ್ಮೆ, ಕೆಲವನ್ನು 25 ಸಲ. ಆಮೇಲೆ ‘ಇದರ ಅರ್ಥ ಒಳ್ಳೆಯದಿರಬಹುದೇ, ಕೆಟ್ಟದ್ದಿರಬಹುದೇ?’ ಎಂದು ಕೇಳಿದರೆ, ಹೆಚ್ಚು ಸಲ ಕಂಡದ್ದೇ ಒಳ್ಳೆಯದೆನ್ನಿಸಿತು. ಬರೀ ಪರಿಚಯವೇ ಪ್ರೀತಿಯ ವೇಷ ಹಾಕಿಕೊಂಡು ಬರುತ್ತದೆ. ತಿರುಗಣೆ ಅಳೆದದ್ದು ಈ ವೇಷವನ್ನು.

ಹಾಗೆಂದು ಕವರ್ ಹಾಡುಗಳ, ಅಂದರೆ ಬೇರೆಯವರ ಹಾಡನ್ನು ತಾವು ಮತ್ತೆ ನುಡಿಸುವ, ಚಟ ಸಲಹೆಗಾರರಿಂದಲೇ ಬಂತು ಎನ್ನುವಂತಿಲ್ಲ. 1967ರಲ್ಲೇ ನಿರ್ಮಾಪಕ ಕ್ರೀಡ್ ಟೇಲರ್ ಅವರು ಗಿಟಾರ್ ಮಾಂತ್ರಿಕ ವೆಸ್ ಮಾಂಟ್‌ಗೋಮರಿಯ ಕೈಯಲ್ಲಿ ಬೀಟಲ್ಸ್ ಹಾಡುಗಳನ್ನು ನುಡಿಸಿ ಭರ್ಜರಿ ಮಾರಾಟ ಕಂಡಿದ್ದರು. ಕಾನೂನಿನ ದಾರಿಯೂ ಸಲೀಸು. ತೂತು ಕೊರೆದ ಕಾಗದದ ಸುರುಳಿಯಿಂದ ತಾನೇ ನುಡಿಯುವ ಪಿಯಾನೊಗಳ ಕಾಲದಲ್ಲಿ, 1909ರಲ್ಲಿ, ಅಮೆರಿಕ ಒಂದು ಕಾಯಿದೆ ಮಾಡಿತು: ಒಮ್ಮೆ ಧ್ವನಿಮುದ್ರಣಗೊಂಡ ಹಾಡನ್ನು ಯಾರು ಬೇಕಾದರೂ ಮತ್ತೆ ಮುದ್ರಿಸಬಹುದು, ಗೊತ್ತುಪಡಿಸಿದ ಶುಲ್ಕ ಕಟ್ಟಿದರಾಯಿತು. ರಚನೆಕಾರ ಬೇಡವೆನ್ನುವಂತಿಲ್ಲ. ಪಿಯಾನೊ ಸುರುಳಿಗೆಂದು ಹಾಕಿದ ಬಾಗಿಲಿನಿಂದ ನೂರು ವರ್ಷ ಸ್ಯಾಕ್ಸೊಫೋನುಗಳು ಒಳಬಂದವು. ಸ್ವಂತ ರಚನೆಗಳು ಗೆಲ್ಲಲೇ ಇಲ್ಲವೆಂದೂ ಅಲ್ಲ. 1987ರಲ್ಲಿ ಸ್ಯಾಕ್ಸೊಫೋನ್ ವಾದಕ ಕೆನ್ನಿ ಜಿ ತನ್ನದೇ ವಾದ್ಯರಚನೆಯೊಂದನ್ನು ಅಮೆರಿಕದ ಜನಪ್ರಿಯ ಹಾಡುಗಳ ಮುಖ್ಯ ಪಟ್ಟಿಯ 4ನೇ ಸ್ಥಾನಕ್ಕೆ ಒಯ್ದ. ಆದರೆ ತಿರುಗಣೆಯ ರಾಜ್ಯದಲ್ಲಿ ಅಂಥ ಧೈರ್ಯ ವರ್ಷದಿಂದ ವರ್ಷಕ್ಕೆ ತುಟ್ಟಿಯಾಯಿತು. ಅದೇ ಕೆನ್ನಿ ಜಿ 2004ರಲ್ಲಿ ತಂದ ಯುಗಳ ಆಲ್ಬಂ ಹೆಚ್ಚೂಕಡಿಮೆ ಪೂರ್ತಿ ಬೇರೆಯವರ ಹಾಡುಗಳದ್ದು.

ಈಗ ಮುಗಿಸಿದ ಅಳತೆಗೋಲು. ನನಗೆ ನಿಜವಾಗಿ ಹೇಳಬೇಕಿರುವುದು ಇದನ್ನೇ.

ಮೊದಲೆಲ್ಲ ಯಾವ ಕೇಂದ್ರಕ್ಕೆ ಎಷ್ಟು ಕೇಳುಗರು ಎಂದು ಅಳೆಯುವ ಆರ್ಬಿಟ್ರಾನ್ ಕಂಪನಿ ಕೇಳುಗರಿಗೆ ಒಂದು ವಾರದ ಡೈರಿ ಕೊಡುತ್ತಿತ್ತು. ಯಾವಾಗ ಯಾವ ಕೇಂದ್ರ ಕೇಳಿದಿರಿ, ಬರೆಯಿರಿ. ಕಚೇರಿಯಲ್ಲಿ ದಿನವಿಡೀ ಮೆಲ್ಲಗೆ ರೇಡಿಯೊ ಹಾಕಿಕೊಳ್ಳುವವರು ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಒಂದೇ ಗೆರೆ ಎಳೆದರೆ ಮುಗಿಯಿತು. ನಡುವೆ ಊಟಕ್ಕೆ ಎದ್ದದ್ದು, ಮೀಟಿಂಗಿಗೆ ಹೋದದ್ದು ಯಾರಿಗೆ ನೆನಪು? ಡೈರಿ ಅಳೆಯುತ್ತಿದ್ದುದು ಕಿವಿಯನ್ನಲ್ಲ, ಜ್ಞಾಪಕವನ್ನು. ಪರಿಚಯದ ಮೇಲೆಯೇ ನಿಂತ ಸಂಗೀತಕ್ಕೆ ಇದಕ್ಕಿಂತ ಹೇಳಿಮಾಡಿಸಿದ ಪರೀಕ್ಷೆ ಇನ್ನೊಂದಿರಲಿಲ್ಲ.

2007ರಲ್ಲಿ ಫಿಲಡೆಲ್ಫಿಯಾ ಮತ್ತು ಹ್ಯೂಸ್ಟನ್‌ನಲ್ಲಿ, ಮರುವರ್ಷ ನ್ಯೂಯಾರ್ಕ್ ಮೊದಲಾದ ನಗರಗಳಲ್ಲಿ ಡೈರಿಯ ಜಾಗಕ್ಕೆ ಪೇಜರ್ ಗಾತ್ರದ ಡಬ್ಬಿ ಬಂತು. ಪೋರ್ಟಬಲ್ ಪೀಪಲ್ ಮೀಟರ್, ಚುಟುಕಾಗಿ ಪಿಪಿಎಂ. ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬೇಕಿತ್ತು; ಸುತ್ತ ಯಾವ ಕೇಂದ್ರ ನುಡಿಯುತ್ತಿದೆ ಎಂದು ಅದೇ ಗುರುತಿಸುತ್ತಿತ್ತು. ಅದು ನಮ್ಮ ಮಾತು ಕದ್ದು ಕೇಳುತ್ತದೆ, ಹಾಡನ್ನು ಅರ್ಥಮಾಡಿಕೊಳ್ಳುತ್ತದೆ ಎಂಬುದೆಲ್ಲ ಬುರುಡೆ. ಕೇಂದ್ರವೇ ತನ್ನ ಪ್ರಸಾರದ ಧ್ವನಿಯೊಳಗೆ ನಮಗೆ ಕೇಳಿಸದ ಒಂದು ಗುರುತನ್ನು ಹುದುಗಿಸಿರುತ್ತದೆ. ಡಬ್ಬಿ ಹುಡುಕುವುದು ಅದನ್ನಷ್ಟೇ.

ಕೇಳಿಸುವ ಧ್ವನಿಯೊಳಗೆ ಕೇಳಿಸದ ಧ್ವನಿಯನ್ನು ಇಡುವುದು ಹೇಗೆ? ನಮ್ಮ ಅಡುಗೆಮನೆಯಲ್ಲಿ ಇದು ದಿನಾ ನಡೆಯುತ್ತದೆ. ಚಟ್ನಿಗೆ ಮಿಕ್ಸಿ ತಿರುಗುವಾಗ ಕಟ್ಟೆಯ ಮೇಲಿನ ಮೊಬೈಲ್ ಬಡಿದುಕೊಂಡರೂ ಗೊತ್ತಾಗುವುದಿಲ್ಲ; ಮಿಕ್ಸಿ ನಿಂತ ಕ್ಷಣ ಅದರ ಕೊನೆಯ ಅರ್ಧ ರಿಂಗು ಕೇಳುತ್ತದೆ. ರಿಂಗು ಅಷ್ಟು ಹೊತ್ತೂ ಗಾಳಿಯಲ್ಲಿತ್ತು. ಇದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ, ಧ್ವನಿಗೆ ಧ್ವನಿಯೇ ಮರೆಯಾಗುವುದು. ಗದ್ದಲವಿದ್ದರೆ ಸಾಲದು, ಗದ್ದಲ ಸರಿಯಾದ ಜಾಗದಲ್ಲಿರಬೇಕು. ಒಳಗಿವಿಯ ಶಂಖದಾಕಾರದ ಕಾಕ್ಲಿಯಾದಲ್ಲಿ ಸುಮಾರು 35 ಮಿಲಿಮೀಟರ್ ಉದ್ದದ ಪೊರೆಯೊಂದಿದೆ. ಬುಡದಲ್ಲಿ ಕೀರಲು ಸ್ವರಗಳಿಗೆ ಅದುರುತ್ತದೆ, ತುದಿಯಲ್ಲಿ ಮಂದ್ರಕ್ಕೆ. ಹಾರ್ಮೋನಿಯಂ ಮನೆಗಳನ್ನು ಸುರುಳಿ ಸುತ್ತಿಟ್ಟ ಹಾಗೆ. ಇದನ್ನು ತೋರಿಸಿಕೊಟ್ಟ ಗೆಯಾರ್ಗ್ ಫಾನ್ ಬೇಕೇಶಿ ಅವರಿಗೆ 1961ರಲ್ಲಿ ನೊಬೆಲ್ ಬಂತು. ಪೊರೆಯ ಮೇಲೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಅಂತರದೊಳಗೆ ಬೀಳುವ ಸ್ವರಗಳು ಒಂದೇ ಸೀಟಿನ ಪ್ರಯಾಣಿಕರು. ಅಂಥ ಸೀಟುಗಳು ಸುಮಾರು 24. ದಪ್ಪನೆಯ ಆಸಾಮಿ ಕೂತ ಸೀಟಿನಲ್ಲಿ ಸಣ್ಣ ಮಗು ಮುದುಡಿ ಕೂತರೆ ಕಂಡಕ್ಟರಿಗೆ ಕಾಣುವುದಿಲ್ಲ. ಪಕ್ಕದ ಖಾಲಿ ಸೀಟಿನಲ್ಲಿ ಕೂತರೆ ಟಿಕೆಟ್ ಕೇಳುತ್ತಾನೆ. ಡೊಳ್ಳಿನ ಪಕ್ಕದಲ್ಲಿ ಮೆಲ್ಲನೆಯ ಇನ್ನೊಂದು ಡೊಳ್ಳು ಮುಳುಗುತ್ತದೆ, ಕೊಳಲು ಮುಳುಗುವುದಿಲ್ಲ. ಇದೂ ಸಾಲದಿದ್ದರೆ: ಸುಣ್ಣದ ಗೋಡೆಯ ಮೇಲೆ ಬಿಳಿ ರಂಗೋಲಿ. ಎಂಪಿ3 ಕಡತವನ್ನು ಅಷ್ಟು ಚಿಕ್ಕದು ಮಾಡುವುದೂ ಇದೇ ಯುಕ್ತಿ. ಅಲ್ಲಿ ಅಡಗಿದ ಮಗುವನ್ನು ಬಸ್ಸಿನಿಂದ ಇಳಿಸುತ್ತಾರೆ. ಪಿಪಿಎಂನಲ್ಲಿ ಬೇಕೆಂದೇ ಒಂದು ಮಗುವನ್ನು ಹತ್ತಿಸುತ್ತಾರೆ.

ಆ ಮಗು ಕೂರುವ ಸೀಟುಗಳು 1000ದಿಂದ 3000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ನಡುವಿನವು. ಅಲ್ಲಿ ಪ್ರಸಾರದ ಧ್ವನಿ ಜೋರಾಗಿದ್ದರೆ ಗುರುತನ್ನೂ ಜೋರಾಗಿ ಹಾಕಬಹುದು. ಮೆಲ್ಲಗಿದ್ದರೆ ಮೆಲ್ಲಗೆ. ಮೌನವಿದ್ದರೆ ಗುರುತೂ ಇಲ್ಲ, ಇಟ್ಟರೆ ಕೇಳುಗರಿಗೆ ಕೇಳಿಸಿಬಿಡುತ್ತದೆ.

ಸ್ಯಾಕ್ಸೊಫೋನ್ ಮೆದು ವಾದ್ಯವೇನಲ್ಲ ಎಂದು ಕದ್ರಿ ಗೋಪಾಲನಾಥರನ್ನು ಕೇಳಿದವರಿಗೆ ಹೇಳಬೇಕಿಲ್ಲ. (ನ್ಯೂಯಾರ್ಕಿನ ಕೇಂದ್ರ ಮುಚ್ಚಿದ 2008ರಲ್ಲೇ ಅವರು ಭಾರತೀಯ ಮೂಲದ ಅಮೆರಿಕನ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಂದಿಗೆ ನುಡಿಸಿದ ‘ಕಿನ್ಸ್‌ಮೆನ್’ ಆಲ್ಬಂ ಬಂತು. ಅದರಲ್ಲಿ ನವಿಲುಗರಿಯ ಸುಳಿವೇ ಇಲ್ಲ.) ಬಿರುಸಾಗಿ ಊದಿದರೆ ಮೂಲಸ್ವರದ ಮೇಲೆ, ಅದರ ಜೊತೆಗೇ ಹುಟ್ಟುವ ಏರುಸ್ಥಾಯಿಯ ಉಪಸ್ವರಗಳ ದೊಡ್ಡ ಸಂಸಾರವೇ ಏಳುತ್ತದೆ. ಆದರೆ ಆಲ್ಟೊ ಸ್ಯಾಕ್ಸೊಫೋನಿನ ಮೂಲಸ್ವರಗಳ ಸಾಮಾನ್ಯ ಹರವು ಸುಮಾರು 140ರಿಂದ 830 ಹರ್ಟ್ಸ್. ಗುರುತಿನ ಸೀಟುಗಳು ಅದಕ್ಕಿಂತ ಮೇಲಿವೆ, ಉಪಸ್ವರಗಳ ವಠಾರದಲ್ಲಿ. ಮೆಲ್ಲಗೆ, ದುಂಡಗೆ ಊದಿದಾಗ ಮೊದಲು ಉಡುಗುವುದು ಇವೇ ಮೇಲಿನ ಉಪಸ್ವರಗಳು. ‘ಸ್ಮೂತ್’ ಎಂದರೆ ಅದೇ ತಾನೇ! ಜೊತೆಗೆ ಸಾಲುಸಾಲಿನ ನಡುವೆ ಬಿಡುವು, ಕೋಣೆಯಲ್ಲಿ ತಗ್ಗಿಸಿಟ್ಟ ರೇಡಿಯೊ, ಮೇಲೆ ಏಸಿಯ ಭೋರಾಟ. ಸಣ್ಣಗೆ ಹಾಕಿದ ಗುರುತು ದಾರಿಯಲ್ಲೇ ಕರಗುತ್ತದೆ. ಕಿವಿಗೆ ಇಂಪಾದದ್ದು ಡಬ್ಬಿಗೆ ಅಸ್ಪಷ್ಟ.

ಎಲ್ಲ ತಪ್ಪನ್ನೂ ಡಬ್ಬಿಯ ತಲೆಗೆ ಕಟ್ಟಲಾರೆ. ಹಿಂದೆ 9ರಿಂದ 5ರವರೆಗೆ ಎಳೆದ ಗೆರೆಯಲ್ಲಿ ಗಾಳಿಯೂ ಸೇರಿತ್ತು; ಡಬ್ಬಿ ನಿಮಿಷ ನಿಮಿಷ ಎಣಿಸಿ ಆ ಗಾಳಿ ಬಿಟ್ಟಿತು. 2008ರ ಆರ್ಥಿಕ ಹಿಂಜರಿತದಲ್ಲಿ ಜಾಹೀರಾತು ಒಣಗಿತು. ಜಾಹೀರಾತುದಾರರಿಗೆ ಬೇಕಾದ 25ರಿಂದ 54ರ ವಯೋಮಾನವನ್ನು ಈ ಕೇಳುಗರು ಒಬ್ಬೊಬ್ಬರಾಗಿ ದಾಟುತ್ತಿದ್ದರು. ನ್ಯೂಯಾರ್ಕಿನ ಕೇಂದ್ರವಂತೂ ಅಲ್ಲಿ ಡಬ್ಬಿಯ ಅಂಕಿ ಅಧಿಕೃತವಾಗುವ ಮೊದಲೇ ಮುಚ್ಚಿತು. ಮಾಲೀಕರು ಫಿಲಡೆಲ್ಫಿಯಾ, ಹ್ಯೂಸ್ಟನ್ ಕಡೆ ನೋಡಿ ಲೆಕ್ಕ ಹಾಕಿರಬೇಕು. ಆದರೂ ಎಷ್ಟು ಜನ ನಿಜವಾಗಿ ಕೇಳುತ್ತಿರಲಿಲ್ಲ, ಎಷ್ಟು ಜನ ಕೇಳುತ್ತಿದ್ದುದು ಡಬ್ಬಿಗೆ ಕೇಳಲಿಲ್ಲ ಎಂದು ಆಗಲೇ ಬೇರ್ಪಡಿಸಿ ನೋಡಬೇಕಿತ್ತು.

ಲಾಸ್ ಏಂಜಲಿಸ್‌ನ ‘ದಿ ವೇವ್’ ಜಾಣತನ ತೋರಿತು. 2010ರಲ್ಲಿ ವಾದ್ಯಸಂಗೀತವನ್ನು ಪಕ್ಕಕ್ಕಿಟ್ಟು ಗಾಯಕರ ಹಾಡುಗಳತ್ತ ಹೊರಳಿ ಜೀವ ಉಳಿಸಿಕೊಂಡಿತು. ಸ್ಯಾಕ್ಸೊಫೋನ್ ಯಾರ ಹಾಡುಗಳನ್ನು ಎರವಲು ತಂದಿತ್ತೋ, ಆ ಹಾಡುಗಳೇ ಬಂದು ಕುರ್ಚಿ ಹಿಡಿದವು.

ಆಮೇಲೆ ಎಂಜಿನಿಯರುಗಳು ಎಚ್ಚೆತ್ತರು. ಗುರುತನ್ನು ಇನ್ನಷ್ಟು ಎತ್ತಿ ಹಾಕುವ ‘ವೋಲ್ಟೇರ್’ ಎಂಬ ಯಂತ್ರ ಮಾರುಕಟ್ಟೆಗೆ ಬಂತು, ಕೇಂದ್ರಗಳು ಮುಗಿಬಿದ್ದು ಕೊಂಡವು. ಆರ್ಬಿಟ್ರಾನ್ ಅನ್ನು 2013ರಲ್ಲಿ ಕೊಂಡಿದ್ದ ನೀಲ್ಸನ್ ಕಂಪನಿ 2015ರಲ್ಲಿ ತನ್ನ ಗುರುತು ಹಾಕುವ ವಿಧಾನವನ್ನೇ ಬಲಪಡಿಸಿತು. ಅಂದು ಷಿಕಾಗೊದಲ್ಲಿ ಡಬ್ಲ್ಯುಎನ್‌ಯುಎ ಮುಚ್ಚಿ ಆರು ವರ್ಷ ಕಳೆದಿತ್ತು. ನ್ಯೂಯಾರ್ಕಿನ 101.9ರಲ್ಲಿ ಹಗಲೂ ರಾತ್ರಿ ಬೇಸ್‌ಬಾಲ್, ಫುಟ್‌ಬಾಲಿನ ಏರುದನಿಯ ಜಗಳ ನಡೆದಿತ್ತು.